ಸಾರ್ವಜನಿಕ ದಾರಿಯಲ್ಲಿ ಖಾಸಗಿ ವಿಳಾಸಗಳು

ಹೊಸೂರು ಎಂಬ ಹೆಸರಿನ ಊರುಗಳು ಎಷ್ಟಿವೆ ಎಂದು ಯಾರಾದರೂ ಕೇಳಿದರೆ ಎಣಿಸಿ ಹೇಳುವುದು ಕಷ್ಟ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ ಒಂದು ದೊಡ್ಡ ಹೊಸೂರಿದೆ. ಕರ್ನಾಟಕದ ಹಲವು ತಾಲೂಕುಗಳಲ್ಲಿ ಸಣ್ಣ ಸಣ್ಣ ಹೊಸೂರುಗಳಿವೆ. ಹೊಸದಾಗಿ ನೆಲೆ ನಿಂತ ಊರನ್ನು ಹೊಸೂರು ಎಂದು ಕರೆಯುವುದು ನಮ್ಮವರ ರೂಢಿ. ಆ ಊರಿನ ಸುತ್ತಮುತ್ತ ಇರುವಾಗ 'ಹೊಸೂರಿಗೆ ಹೋಗಿ ಬರುತ್ತೇನೆ' ಎಂದರೆ ಯಾರಿಗೂ ಸಂಶಯ ಬರುವುದಿಲ್ಲ. ಆದರೆ ದೂರದ ಮುಂಬಯಿಯಿಂದ ಬರೆದ ಕಾಗದದ ಮೇಲೆ ಬರೀ 'ಹೊಸೂರು' ಎಂದಷ್ಟೇ ಇದ್ದರೆ ಅಂಚೆಯವರು ಏನು ಮಾಡಬೇಕು? ಅದಕ್ಕಾಗಿಯೇ ತಾಲೂಕು, ಜಿಲ್ಲೆಗಳ ಹೆಸರನ್ನು ಬರೆಯುತ್ತೇವೆ. ಅದಕ್ಕಾಗಿಯೇ 1972ರ ಆಗಸ್ಟ್ 15ರಂದು 6 ಅಂಕೆಗಳ ಪಿನ್‌ಕೋಡ್ ಜಾರಿಗೆ ಬಂದಿತು.

ಒಳಗಿನ ಹೆಸರು ಒಳಗಿನವರಿಗೆ ಸಾಕು. ಗಡಿ ದಾಟಿ ಹೊರಟಾಗ ಹೊರಗಿನವರಿಗೂ ತಿಳಿಯುವಂಥ ವಿಳಾಸ ಬೇಕು. ಇದು ಅಂಚೆಯವರಿಗೆ ಎಷ್ಟು ಸತ್ಯವೋ ಅಂತರಜಾಲಕ್ಕೂ ಅಷ್ಟೇ ಸತ್ಯ. ಆದರೆ ನಮಗೆ ಅಂತರಜಾಲದ ಸಂಪರ್ಕ ಕೊಡುವ ಸಂಸ್ಥೆಗಳಲ್ಲಿ ಕೆಲವು ಈ ಸಣ್ಣ ನಿಯಮವನ್ನು ಸರಿಯಾಗಿ ಪಾಲಿಸುತ್ತಿಲ್ಲ. ಇದು ತಪ್ಪೇ, ತಪ್ಪಾದರೆ ಎಷ್ಟರ ಮಟ್ಟಿನ ತಪ್ಪು, ಅದರಿಂದ ನಮ್ಮಂಥ ಸಾಮಾನ್ಯ ಬಳಕೆದಾರರಿಗೆ ಏನು ತೊಂದರೆ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಈ ವಿಚಾರ ನನ್ನ ತಲೆಗೆ ಹತ್ತಿದ್ದು ಹತ್ತನೆಯ ತರಗತಿಯ ಒಬ್ಬ ಹುಡುಗನಿಂದ. ಅವನು ಒಂದು ದಿನ ಹಾಳೆಯ ಮೇಲೆ ಕೆಲವು ಅಂಕೆಗಳನ್ನು ಬರೆದುಕೊಂಡು ಬಂದ. ಮನೆಯ ಗಣಕಯಂತ್ರದಿಂದ ದೂರದ ಒಂದು ತಾಣಕ್ಕೆ ಹೋಗುವ ದಾರಿಯನ್ನು ತೋರಿಸುವ ಆಜ್ಞೆಯನ್ನು ಅವನು ಎಲ್ಲಿಯೋ ಕಲಿತು ಬಳಸಿ ನೋಡಿದ್ದ. ಮೊದಲನೆಯ ಸಾಲಿನಲ್ಲಿ 192.168ರಿಂದ ಆರಂಭವಾಗುವ ವಿಳಾಸ. ಅದು ಮನೆಯ ಪೆಟ್ಟಿಗೆಯದೆಂದು ಅವನಿಗೆ ಗೊತ್ತಿತ್ತು. ಎರಡನೆಯ, ಮೂರನೆಯ ಸಾಲುಗಳಲ್ಲಿ 10ರಿಂದ ಆರಂಭವಾಗುವ ವಿಳಾಸಗಳು. 'ಸಾರ್, 10ರ ವಿಳಾಸ ಮನೆಯ ಒಳಗಿನವರಿಗೆ ಮಾತ್ರ ಎಂದು ಓದಿದ್ದೇನೆ. ಹಾಗಾದರೆ ನಮ್ಮ ಮನೆಯಲ್ಲಿ ನಮಗೆ ಗೊತ್ತಿಲ್ಲದ ಎರಡು ಯಂತ್ರಗಳು ಇವೆಯೇ? ಯಾರಾದರೂ ಕದ್ದು ಸೇರಿಕೊಂಡಿದ್ದಾರೆಯೇ?' ಎಂದು ಕೇಳಿದ. ಅವನ ತಂದೆ ಹೆದರಿ ಎರಡು ದಿನ ಪೆಟ್ಟಿಗೆಯ ತಂತಿಯನ್ನೇ ಕಿತ್ತಿಟ್ಟಿದ್ದರಂತೆ!

ಹುಡುಗನ ಪ್ರಶ್ನೆ ಒಳ್ಳೆಯ ಪ್ರಶ್ನೆ. ತಂದೆಯವರ ಹೆದರಿಕೆ ಮಾತ್ರ ಹಗ್ಗವನ್ನು ಕಂಡು ಹಾವೆಂದು ಬೆದರಿದಂತೆ. ಇಬ್ಬರಿಗೂ ಉತ್ತರ ಹೇಳಬೇಕಾದರೆ ವಿಷಯವನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

ಅಂತರಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಬೇಕು. ಇದಕ್ಕೆ ಐ.ಪಿ. ವಿಳಾಸವೆನ್ನುತ್ತಾರೆ. 1981ರಲ್ಲಿ ನಿಗದಿಯಾದ ನಾಲ್ಕನೆಯ ಆವೃತ್ತಿಯ ಪದ್ಧತಿಯಂತೆ ಈ ವಿಳಾಸ 0ಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳನ್ನು ಚುಕ್ಕಿಯಿಟ್ಟು ಬರೆದದ್ದು. ಹೀಗೆ ಒಟ್ಟು 429 ಕೋಟಿ 49 ಲಕ್ಷದಷ್ಟು ವಿಳಾಸಗಳು ಸಾಧ್ಯ. ಆಗ ಇದು ಅಕ್ಷಯಪಾತ್ರೆಯಂತೆ ಕಂಡಿತು. ಆದರೆ ಹತ್ತು ಹದಿನೈದು ವರ್ಷಗಳಲ್ಲಿಯೇ ಪಾತ್ರೆಯ ತಳ ಕಾಣಿಸತೊಡಗಿತು. ಹೊರಲೋಕದೊಡನೆ ನೇರವಾಗಿ ಮಾತಾಡಬೇಕಾಗಿಲ್ಲದ ಯಂತ್ರಗಳಿಗೂ ಜಗತ್ತಿಗೇ ಒಂದೇ ಎನಿಸುವ ವಿಳಾಸವನ್ನು ಏಕೆ ವ್ಯಯ ಮಾಡಬೇಕು ಎಂಬ ಪ್ರಶ್ನೆ ಎದ್ದಿತು.

ಇದಕ್ಕೆ 1994ರ ಮಾರ್ಚ್ ತಿಂಗಳಲ್ಲಿ ಒಂದು ಸಲಹೆ ಬಂದಿತು. ಕೆಲವು ವಿಳಾಸಗಳನ್ನು ಖಾಸಗಿ ಎಂದು ಬೇರೆ ತೆಗೆದಿಟ್ಟರೆ ಯಾವ ಸಂಸ್ಥೆಯಾದರೂ, ಯಾರನ್ನೂ ಕೇಳದೆ, ತನ್ನ ಒಳಗೆ ಬಳಸಿಕೊಳ್ಳಬಹುದು ಎಂಬುದು ಅದರ ಸಾರ. ಅದೇ ವರ್ಷದ ಜುಲೈಯಲ್ಲಿ ನಾಲ್ವರು ತಂತ್ರಜ್ಞರು ಇದನ್ನು ವಿರೋಧಿಸಿ ಬರೆದರು. ಒಂದೇ ವಿಳಾಸ ಎರಡು ಕಡೆ ಇದ್ದರೆ ಮುಂದೆ ಗೊಂದಲ ತಪ್ಪದು ಎಂಬುದು ಅವರ ವಾದ. ಆ ನಾಲ್ವರಲ್ಲಿ ಒಬ್ಬರು ಎಲಿಯಟ್ ಲಿಯರ್. 1996ರ ಫೆಬ್ರವರಿಯಲ್ಲಿ ಇಂದಿಗೂ ಆಧಾರವಾಗಿರುವ ನಿಯಮಪತ್ರ ಪ್ರಕಟವಾಯಿತು. ಆರ್.ಎಫ್.ಸಿ. 1918 ಎಂದು ಅದನ್ನು ಕರೆಯುತ್ತಾರೆ. ಅದನ್ನು ಬರೆದ ಐವರಲ್ಲಿ, ಮೊದಲು ವಿರೋಧಿಸಿದ್ದ ಲಿಯರ್ ಅವರೂ ಒಬ್ಬರು! ವಾದ ಮಾಡಿದವರು ಕೂಡಿ ಕುಳಿತು ಸರ್ವಸಮ್ಮತವಾದ ನಿಯಮ ಮಾಡಿದ ಈ ಪ್ರಸಂಗ ನಮ್ಮ ವಿದ್ಯಾರ್ಥಿಗಳ ಗಮನಕ್ಕೆ ತಕ್ಕುದಾಗಿದೆ.

ಆ ನಿಯಮದಂತೆ ಖಾಸಗಿ ವಿಳಾಸಗಳು ಮೂರು ಗುಂಪಿನವು. 10ರಿಂದ ಆರಂಭವಾಗುವ ಎಲ್ಲ ವಿಳಾಸಗಳು, ಒಟ್ಟು 1,67,77,216. 172.16ರಿಂದ 172.31ರವರೆಗಿನವು, ಒಟ್ಟು 10,48,576. 192.168ರಿಂದ ಆರಂಭವಾಗುವವು, ಒಟ್ಟು 65,536. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. 172.15 ಆಗಲಿ 172.32 ಆಗಲಿ ಖಾಸಗಿ ಅಲ್ಲ. ಹಲವರು ಇಲ್ಲಿ ಎಡವುತ್ತಾರೆ.

ನಿಯಮ ಅನುಮತಿಯನ್ನು ಕೊಟ್ಟಿತು, ಜೊತೆಗೆ ಕಟ್ಟಳೆಯನ್ನೂ ವಿಧಿಸಿತು. ಖಾಸಗಿ ವಿಳಾಸವನ್ನು ಹೊತ್ತ ಪೊಟ್ಟಣಗಳು ಒಂದು ಸಂಸ್ಥೆಯಿಂದ ಇನ್ನೊಂದು ಸಂಸ್ಥೆಗೆ ಹೋಗುವ ಕೊಂಡಿಯನ್ನು ದಾಟಬಾರದು ಎಂಬುದೇ ಆ ಕಟ್ಟಳೆ. ಒಳಗೆ ಸ್ವಾತಂತ್ರ್ಯ, ಗಡಿಯಲ್ಲಿ ಶಿಸ್ತು. ನಮ್ಮ ವಿವಾದವೆಲ್ಲ ಈ ಎರಡನೆಯ ಮಾತಿನ ಸುತ್ತ ಇದೆ.

ಇನ್ನು ದಾರಿ ತೋರಿಸುವ ಆಜ್ಞೆ ಹೇಗೆ ಕೆಲಸ ಮಾಡುತ್ತದೆಂದು ನೋಡೋಣ. ಇದರ ಹೆಸರು ಟ್ರೇಸ್‌ರೂಟ್. ವಿಂಡೋಸ್ ಯಂತ್ರಗಳಲ್ಲಿ ಇದನ್ನೇ ಟ್ರೇಸರ್ಟ್ ಎಂದು ಬರೆಯುತ್ತಾರೆ. ಸ್ಟೀವ್ ಡೀರಿಂಗ್ ಅವರ ಸಲಹೆಯಂತೆ ವ್ಯಾನ್ ಜೇಕಬ್ಸನ್ ಎಂಬವರು 1980ರ ದಶಕದ ಕೊನೆಯಲ್ಲಿ ಇದನ್ನು ರಚಿಸಿದರು. ಅಂತರಜಾಲದಲ್ಲಿ ನಾವು ಕಳುಹಿಸುವ ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ದಾರಿಯ ಒಂದೊಂದು ಕೂಡುದಾರಿಯಲ್ಲಿಯೂ ರೌಟರ್ ಎಂಬ ಯಂತ್ರ ನಿಂತು, ಪೊಟ್ಟಣವನ್ನು ಮುಂದಿನ ಠಾಣೆಗೆ ಕಳುಹಿಸುತ್ತದೆ. ಪೊಟ್ಟಣ ದಾರಿ ತಪ್ಪಿ ಸುತ್ತುತ್ತಲೇ ಇರಬಾರದೆಂದು ಅದರ ಮೇಲೆ ಆಯುಸ್ಸಿನ ಒಂದು ಸಂಖ್ಯೆಯನ್ನು ಬರೆದಿರುತ್ತಾರೆ. ಪ್ರತಿ ಠಾಣೆಯೂ ಅದರಲ್ಲಿ 1 ಕಳೆಯುತ್ತದೆ. ಸಂಖ್ಯೆ ಸೊನ್ನೆಯಾದರೆ ಆ ಠಾಣೆ ಪೊಟ್ಟಣವನ್ನು ಅಲ್ಲಿಯೇ ಬಿಟ್ಟು, 'ನಿಮ್ಮ ಪೊಟ್ಟಣದ ಆಯುಸ್ಸು ಇಲ್ಲಿಗೆ ಮುಗಿಯಿತು' ಎಂದು ಕಳುಹಿಸಿದವನಿಗೆ ಒಂದು ಸೂಚನೆಯನ್ನು ಬರೆಯುತ್ತದೆ.

ಜೇಕಬ್ಸನ್ ಅವರ ಜಾಣತನ ಇಲ್ಲಿದೆ. ಅವರ ಆಜ್ಞೆ ಮೊದಲು ಆಯುಸ್ಸು 1 ಇರುವ ಪೊಟ್ಟಣವನ್ನು ಕಳುಹಿಸುತ್ತದೆ. ಮೊದಲನೆಯ ಠಾಣೆಯಿಂದ ಸೂಚನೆ ಬರುತ್ತದೆ. ಆಮೇಲೆ 2, ಆಮೇಲೆ 3. ಹೀಗೆ ಒಂದೊಂದೇ ಠಾಣೆ ತನ್ನ ವಿಳಾಸವನ್ನು ತಾನೇ ಹೇಳುತ್ತ ಹೋಗುತ್ತದೆ. ಸೂಚನೆಯ ಮೇಲೆ 'ಇಂದ' ಎಂದು ಬರೆದ ವಿಳಾಸವೇ ನಮಗೆ ತೆರೆಯ ಮೇಲೆ ಕಾಣಿಸುವುದು. ಉತ್ತರ ಬಾರದಿದ್ದರೆ ಅಲ್ಲಿ ಚುಕ್ಕಿ ನಕ್ಷತ್ರಗಳು ಕಾಣುತ್ತವೆ.

ಈಗ ಹುಡುಗನ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯ ಸಾಲಿನ 10ರ ವಿಳಾಸ ಅವನ ಮನೆಯದಲ್ಲ. ಅದು ಸೇವೆ ಕೊಡುವ ಸಂಸ್ಥೆಯ ರೌಟರಿನದು. ಸಂಸ್ಥೆಯವರು ತಮ್ಮ ಯಂತ್ರಗಳಿಗೆ ಖಾಸಗಿ ವಿಳಾಸ ಕೊಟ್ಟಿದ್ದಾರೆ, ಅಷ್ಟೇ. ಪೊಟ್ಟಣಗಳು ಮುಂದೆ ಸಾಗುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಏಕೆಂದರೆ ರೌಟರ್ ನೋಡುವುದು ಪೊಟ್ಟಣ ಎಲ್ಲಿಗೆ ಹೋಗಬೇಕು ಎಂಬುದನ್ನು. ಅದರ ಸ್ವಂತ ವಿಳಾಸ ಏನೆಂಬುದು ಆ ಕೆಲಸಕ್ಕೆ ಬೇಕಿಲ್ಲ. ಬಸ್ಸು ನಿಲ್ಲುವ ಕಟ್ಟೆಗೆ ಹೆಸರಿನ ಹಲಗೆ ಇಲ್ಲದಿದ್ದರೂ ಬಸ್ಸು ಊರು ಸೇರುತ್ತದೆ. ಆದುದರಿಂದ ದಾರಿಯಲ್ಲಿ ಖಾಸಗಿ ವಿಳಾಸ ಕಂಡಿತೆಂದು ಕಳ್ಳ ಬಂದನೆಂದು ತಿಳಿಯಬೇಕಾಗಿಲ್ಲ. ತಂತಿ ಕಿತ್ತಿಡಬೇಕಾಗಿಯೂ ಇಲ್ಲ.

ಇನ್ನೊಂದು ಬಗೆಯ ವಿಳಾಸವೂ ಕಾಣಬಹುದು. 100.64ರಿಂದ 100.127ರವರೆಗಿನವು. 2012ರ ಏಪ್ರಿಲಿನಲ್ಲಿ ಇವನ್ನು ಸೇವಾಸಂಸ್ಥೆಗಳಿಗೆಂದೇ ಮೀಸಲಿಟ್ಟರು. ಹಲವು ಮನೆಗಳಿಗೆ ಸೇರಿ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚುವಾಗ, ಸಂಸ್ಥೆಗೂ ಮನೆಗೂ ನಡುವೆ ಬಳಸಲು ಇವು ಇವೆ. ಮನೆಯವರು ಬಳಸುವ 10 ಅಥವಾ 192.168ರ ಜೊತೆಗೆ ಡಿಕ್ಕಿಯಾಗಬಾರದೆಂಬುದೇ ಇವುಗಳ ಉದ್ದೇಶ. ಇವೂ ಹೊರಗಿನ ಜಗತ್ತಿಗೆ ಹೋಗತಕ್ಕವಲ್ಲ.

ಹಾಗಾದರೆ ಎಲ್ಲವೂ ಸರಿಯಾಗಿಯೇ ಇದೆಯಲ್ಲ, ಆಕ್ಷೇಪ ಏತಕ್ಕೆ ಎಂದು ಕೆಲವರು ಕೇಳಬಹುದು. ದಾರಿ ನಡೆಯುವಾಗ ತೊಂದರೆಯಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ದಾರಿ ಕೆಟ್ಟಾಗ ತೊಂದರೆಯಿದೆ. ಯಾವ ವ್ಯವಸ್ಥೆಯ ಯೋಗ್ಯತೆಯನ್ನಾದರೂ ಅದು ಕೆಟ್ಟ ದಿನದಲ್ಲಿಯೇ ಅಳೆಯಬೇಕು. ಸಾರ್ವಜನಿಕರ ಪೊಟ್ಟಣಗಳನ್ನು ಸಾಗಿಸುವ ಮತ್ತು ಸಾರ್ವಜನಿಕರಿಗೆ ಉತ್ತರ ಬರೆಯಬೇಕಾದ ಯಂತ್ರಗಳಿಗೆ ಖಾಸಗಿ ವಿಳಾಸ ಕೊಡುವುದು ಉಚಿತವಲ್ಲ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಮೂರು ಕಾರಣಗಳನ್ನು ಹೇಳುತ್ತೇನೆ.

ಮೊದಲನೆಯದು ನನ್ನ ಮನೆಯಲ್ಲಿಯೇ ಆದ ಅನುಭವ. ನಮ್ಮ ಮನೆಯ ಮಗುವಿನ ವಿದ್ಯಾರ್ಥಿವೇತನದ ಅರ್ಜಿಯನ್ನು ಅಂತರಜಾಲದಲ್ಲಿ ತುಂಬಬೇಕಾಗಿತ್ತು. ಹೆಸರು, ಜನ್ಮದಿನಾಂಕ ಎಲ್ಲ ಸರಾಗವಾಗಿ ಹೋದವು. ಪ್ರಮಾಣಪತ್ರದ ಚಿತ್ರವನ್ನು ಕಳುಹಿಸುವಾಗ ಮಾತ್ರ ತೆರೆ ಅಲ್ಲಿಯೇ ನಿಂತುಬಿಡುತ್ತಿತ್ತು. ಸಣ್ಣ ಸಂದೇಶಗಳು ಹೋಗುತ್ತವೆ, ದೊಡ್ಡದು ಹೋಗುವುದಿಲ್ಲ. ಇನ್ನೊಂದು ಸಂಸ್ಥೆಯ ಸಂಪರ್ಕವಿದ್ದ ಮೊಬೈಲಿನಿಂದ ಅದೇ ಚಿತ್ರ ಒಂದೇ ನಿಮಿಷದಲ್ಲಿ ಹೋಯಿತು. ಸೇವಾಸಂಸ್ಥೆಗೆ ದೂರವಾಣಿ ಮಾಡಿದರೆ, 'ನಮ್ಮ ಕಡೆ ಎಲ್ಲ ಸರಿಯಾಗಿದೆ, ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿ' ಎಂಬ ಒಂದೇ ಮಂತ್ರ. ಆರಿಸಿದೆವು, ಹೊತ್ತಿಸಿದೆವು. ಫಲ ಸೊನ್ನೆ.

ಆಮೇಲೆ ಕುಳಿತು ಪರೀಕ್ಷಿಸಿದಾಗ ಕಾರಣ ತಿಳಿಯಿತು. ಮನೆಯಿಂದ ಹೊರಡುವ ಪೊಟ್ಟಣ ಸಾಮಾನ್ಯವಾಗಿ 1500 ಬೈಟುಗಳವರೆಗೆ ದೊಡ್ಡದಿರಬಹುದು. ದಾರಿಯ ನಡುವೆ ಅಷ್ಟು ದೊಡ್ಡದನ್ನು ಹೊರಲಾರದ ಇಕ್ಕಟ್ಟಾದ ಕೊಂಡಿಯೊಂದಿದ್ದರೆ, ಅಲ್ಲಿನ ರೌಟರ್ 'ನಿಮ್ಮ ಪೊಟ್ಟಣ ದೊಡ್ಡದಾಯಿತು, ಇಷ್ಟಕ್ಕೆ ಇಳಿಸಿ ಕಳುಹಿಸಿ' ಎಂದು ಸೂಚನೆ ಬರೆಯಬೇಕು. 1990ರ ನವೆಂಬರಿನಲ್ಲಿ ಪ್ರಕಟವಾದ ಕ್ರಮ ಇದು. ಸೂಚನೆ ತಲುಪಿದರೆ ನಮ್ಮ ಯಂತ್ರ ತಾನಾಗಿಯೇ ಸಣ್ಣದು ಮಾಡಿ ಕಳುಹಿಸುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ನಮ್ಮ ದಾರಿಯ ಆ ರೌಟರಿಗೆ 10ರ ಖಾಸಗಿ ವಿಳಾಸವಿತ್ತು. ಹೊರಗಿನಿಂದ ಖಾಸಗಿ ವಿಳಾಸದ ಹೆಸರಿನಲ್ಲಿ ಏನೇ ಬಂದರೂ ಅದು ಸುಳ್ಳು ಹೆಸರಿನದೆಂದು ತಿಳಿದು ಒಳಗೆ ಬಿಡಬಾರದು ಎಂದು ನಮ್ಮ ಮನೆಯ ಪೆಟ್ಟಿಗೆಗೆ ಅಪ್ಪಣೆಯಿತ್ತು. ಪೆಟ್ಟಿಗೆ ಆ ಸೂಚನೆಯನ್ನು ಬಾಗಿಲಲ್ಲಿಯೇ ಎಸೆಯುತ್ತಿತ್ತು. ಯಂತ್ರ ಅದೇ ದೊಡ್ಡ ಪೊಟ್ಟಣವನ್ನು ಮತ್ತೆ ಮತ್ತೆ ಕಳುಹಿಸುತ್ತ ಕುಳಿತಿತ್ತು. ಪೆಟ್ಟಿಗೆಯಲ್ಲಿ ಪೊಟ್ಟಣದ ಗರಿಷ್ಠ ಅಳತೆಯನ್ನು 1400ಕ್ಕೆ ಇಳಿಸಿದೊಡನೆ ಪ್ರಮಾಣಪತ್ರ ಸುಸೂತ್ರವಾಗಿ ಹೋಯಿತು.

ಇದರಲ್ಲಿ ತಪ್ಪು ಯಾರದು? ನಮ್ಮ ಪೆಟ್ಟಿಗೆಯ ಕಾವಲುಗಾರ ಮಾಡಿದ್ದು ಸರಿ. ಸುಳ್ಳು ವಿಳಾಸದ ಪೊಟ್ಟಣಗಳನ್ನು ಗಡಿಯಲ್ಲಿಯೇ ತಡೆಯಬೇಕೆಂದು 2000ದ ಮೇ ತಿಂಗಳಲ್ಲಿ ಬಂದ ಉತ್ತಮ ಆಚರಣೆಯ ಪತ್ರವೂ ಹೇಳುತ್ತದೆ. ರೌಟರ್ ಸೂಚನೆ ಬರೆದದ್ದೂ ಸರಿ. ತಪ್ಪಾದದ್ದು ಹೊರಗಿನವರಿಗೆ ಬರೆದ ಸೂಚನೆಯ ಮೇಲೆ ಮನೆಯೊಳಗಿನ ಹೆಸರನ್ನು ಹಾಕಿದ್ದರಲ್ಲಿ. ಅಂಚೆ ಇಲಾಖೆಯ ನೋಟೀಸು ಮೊಹರಿಲ್ಲದೆ ಬಂದರೆ ನಾವು ಅದನ್ನು ಕಸದ ಬುಟ್ಟಿಗೆ ಹಾಕುವುದಿಲ್ಲವೇ? ಹಾಗೆಯೇ ಇದು. ಚಿತ್ರ ನಿಂತುಹೋದದ್ದಕ್ಕೆಲ್ಲ ಇದೇ ಕಾರಣವೆಂದು ನಾನು ಹೇಳುವುದಿಲ್ಲ. ತಂತಿ ಸಡಿಲವಾಗಿರಬಹುದು, ಅಲೆಗಳು ಕ್ಷೀಣವಾಗಿರಬಹುದು, ಆ ತಾಣವೇ ಕೆಟ್ಟಿರಬಹುದು. ಆದರೆ ಸಣ್ಣದು ಹೋಗಿ ದೊಡ್ಡದು ನಿಂತರೆ ಈ ಕಡೆಗೂ ಒಮ್ಮೆ ನೋಡಬೇಕು.

ಎರಡನೆಯ ಕಾರಣ ಜವಾಬ್ದಾರಿಗೆ ಸಂಬಂಧಿಸಿದ್ದು. ಸಾರ್ವಜನಿಕ ವಿಳಾಸವಾದರೆ ಅದು ಯಾವ ಸಂಸ್ಥೆಗೆ ಹಂಚಿಕೆಯಾದದ್ದು ಎಂಬುದನ್ನು ದಾಖಲೆಗಳಲ್ಲಿ ಹುಡುಕಬಹುದು. ಏಷ್ಯಾ ಮತ್ತು ಶಾಂತಸಾಗರದ ಪ್ರದೇಶಕ್ಕೆ ಎಪ್ನಿಕ್ ಎಂಬ ಸಂಸ್ಥೆಯೂ ಭಾರತಕ್ಕೆ ಇರಿನ್ ಎಂಬ ನೋಂದಣಿ ಸಂಸ್ಥೆಯೂ ಇಂಥ ದಾಖಲೆಗಳನ್ನು ಇಟ್ಟಿವೆ. ಸಾಮಾನ್ಯವಾಗಿ ರೌಟರಿನ ವಿಳಾಸಕ್ಕೆ ಊರಿನ ಸುಳಿವಿರುವ ಒಂದು ಹೆಸರನ್ನೂ ಜೋಡಿಸಿರುತ್ತಾರೆ. ದಾರಿ ಎಲ್ಲಿ ಕೆಟ್ಟಿತು, ಯಾರ ಹತೋಟಿಯಲ್ಲಿ ಕೆಟ್ಟಿತು ಎಂದು ಹೊರಗಿನವರೂ ಹೇಳಬಹುದು. 10ರ ವಿಳಾಸಕ್ಕೆ ಈ ಅನುಕೂಲವಿಲ್ಲ. ಅದು ಎಲ್ಲರದೂ ಹೌದು, ಯಾರದೂ ಅಲ್ಲ.

ಈ ಖಾಸಗಿ ವಿಳಾಸಗಳ ಹೆಸರೇನೆಂದು ಜಗತ್ತಿನ ಯಂತ್ರಗಳು ತಿಳಿಯದೆ ಹೊರಗೆ ಕೇಳುತ್ತಲೇ ಇರುತ್ತವೆ. ಇಂಥ ಅರ್ಥವಿಲ್ಲದ ಪ್ರಶ್ನೆಗಳ ಭಾರ ಮುಖ್ಯ ಯಂತ್ರಗಳ ಮೇಲೆ ಬೀಳಬಾರದೆಂದು, ಅವನ್ನು ಸ್ವೀಕರಿಸಿ 'ಅಂಥ ಹೆಸರಿಲ್ಲ' ಎಂದು ಹೇಳುವುದಕ್ಕಾಗಿಯೇ ಸ್ವಯಂಸೇವಕರು ಜಗತ್ತಿನ ಹಲವೆಡೆ ಬೇರೆ ಯಂತ್ರಗಳನ್ನು ನಡೆಸುತ್ತಿದ್ದಾರೆ. ಈ ಯೋಜನೆಗೆ ಎ.ಎಸ್. 112 ಎಂದು ಹೆಸರು. ಅದರ ಒಂದು ಯಂತ್ರದ ಹೆಸರು 'ಪ್ರಿಸನರ್', ಎಂದರೆ ಸೆರೆಯಾಳು. ಉಳಿದೆರಡರ ಹೆಸರು 'ಬ್ಲ್ಯಾಕ್‌ಹೋಲ್', ಎಂದರೆ ಕಪ್ಪು ಕುಳಿ. ಒಳಗಿನದನ್ನು ಒಳಗೇ ಇಟ್ಟುಕೊಳ್ಳದವರ ಅಜಾಗರೂಕತೆಯ ಖರ್ಚನ್ನು ಯಾರೋ ಹೊರಗಿನವರು ಹೊರುತ್ತಿದ್ದಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮೂರನೆಯ ಕಾರಣ ಗೊಂದಲ. ಮನೆಯಲ್ಲಿಯೂ 10.0.0.1 ಇದ್ದು, ಸಂಸ್ಥೆಯಲ್ಲಿಯೂ 10.0.0.1 ಇದ್ದರೆ ದಾರಿಯ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬರುತ್ತದೆ. ನೋಡಿದವರು ದಾರಿ ಸುತ್ತು ಹಾಕಿ ಮನೆಗೇ ಬಂತೆಂದು ತಿಳಿಯುತ್ತಾರೆ. ಸಂಸ್ಥೆಯ ಆ ಠಾಣೆ ಎಚ್ಚರವಾಗಿದೆಯೇ ಎಂದು ಕೂಗಿ ಕೇಳಿದರೆ ನಮ್ಮ ಮನೆಯ ಪೆಟ್ಟಿಗೆಯೇ 'ಓ' ಎನ್ನುತ್ತದೆ. ಹುಡುಗನ ತಂದೆಯವರು ಹೆದರಿದ್ದೂ ಇಂಥ ಗೊಂದಲದ ಫಲವೇ. ಈ ಎಲ್ಲ ತೊಡಕುಗಳನ್ನು ಒಟ್ಟುಗೂಡಿಸಿ 2012ರ ಸೆಪ್ಟೆಂಬರಿನಲ್ಲಿ ಆರ್.ಎಫ್.ಸಿ. 6752 ಎಂಬ ಪತ್ರವೇ ಹೊರಬಂದಿದೆ. ಅಂದರೆ ಸಂಸ್ಥೆಗಳು 'ನಮಗೆ ಗೊತ್ತಿರಲಿಲ್ಲ' ಎನ್ನುವಂತಿಲ್ಲ.

ಸೇವಾಸಂಸ್ಥೆಗಳ ಪರವಾಗಿಯೂ ಎರಡು ಮಾತುಗಳಿವೆ. ಅವನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ.

ಒಂದು, ವಿಳಾಸಗಳ ಕೊರತೆ. ಇದು ಸುಳ್ಳಲ್ಲ. ಜಗತ್ತಿನ ಕೇಂದ್ರ ಉಗ್ರಾಣದಲ್ಲಿದ್ದ ಕೊನೆಯ 5 ದೊಡ್ಡ ಗುಂಪುಗಳನ್ನು 2011ರ ಫೆಬ್ರವರಿ 3ರಂದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿ ಮುಗಿಸಿದರು. ಅದೇ ವರ್ಷದ ಏಪ್ರಿಲ್ 15ರಂದು ನಮ್ಮ ಪ್ರದೇಶದ ಎಪ್ನಿಕ್ ತನ್ನ ಕೊನೆಯ ಗುಂಪಿಗೆ ಕೈ ಹಾಕಿತು. ಇದ್ದ ವಿಳಾಸಗಳನ್ನು ಗ್ರಾಹಕರಿಗೆ ಕೊಡೋಣ, ನಮ್ಮ ಯಂತ್ರಗಳಿಗೆ ಏಕೆ ಎಂದು ಸಂಸ್ಥೆಗಳು ಯೋಚಿಸಿದರೆ ಆಶ್ಚರ್ಯವಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಎರಡು ರೌಟರುಗಳ ನಡುವಣ ಒಂದು ಕೊಂಡಿಗೆ ಮೊದಲು 4 ವಿಳಾಸಗಳು ಬೇಕಾಗುತ್ತಿದ್ದವು. 2000ದ ಡಿಸೆಂಬರಿನಲ್ಲಿ ಬಂದ ಕ್ರಮದಂತೆ 2 ಸಾಕು. 1,000 ಕೊಂಡಿಗಳಿರುವ ಸಂಸ್ಥೆಗೆ 2,000 ವಿಳಾಸ. ಗ್ರಾಹಕರ ಸಂಖ್ಯೆ ಒಂದು ಲಕ್ಷವಿದ್ದರೆ ಇದು ನೂರಕ್ಕೆ ಎರಡರಷ್ಟು ಮಾತ್ರ. ಅದೂ ಸಾಧ್ಯವಿಲ್ಲವೆಂದರೆ, ಕೊಂಡಿಗಳಿಗೆ ಖಾಸಗಿ ವಿಳಾಸವಿದ್ದರೂ ಸೂಚನೆಗಳನ್ನು ಮಾತ್ರ ಒಂದು ಸಾರ್ವಜನಿಕ ವಿಳಾಸದಿಂದ ಕಳುಹಿಸುವಂತೆ ಕೆಲವು ರೌಟರುಗಳನ್ನು ಅಣಿಗೊಳಿಸಬಹುದು. ಮನಸ್ಸಿದ್ದರೆ ಮಾರ್ಗವಿದೆ.

ಅಲ್ಲದೆ ವಿಳಾಸದ ಬರಗಾಲಕ್ಕೆ ನಿಜವಾದ ಮದ್ದು ಆರನೆಯ ಆವೃತ್ತಿಯ ಐ.ಪಿ. ಪದ್ಧತಿ. ಅದರಲ್ಲಿ ಸಾಧ್ಯವಾಗುವ ವಿಳಾಸಗಳ ಮೊತ್ತ 39 ಅಂಕೆಗಳಷ್ಟು ಉದ್ದದ ಸಂಖ್ಯೆ. 1995ರ ಡಿಸೆಂಬರಿನಲ್ಲಿ ಅದರ ಮೊದಲ ನಿಯಮಪತ್ರವನ್ನು ಬರೆದ ಇಬ್ಬರಲ್ಲಿ ಒಬ್ಬರು, ಟ್ರೇಸ್‌ರೂಟಿಗೆ ಸಲಹೆ ಕೊಟ್ಟ ಅದೇ ಸ್ಟೀವ್ ಡೀರಿಂಗ್. ಆ ಪದ್ಧತಿಯಲ್ಲಿ ನಡುದಾರಿಯ ರೌಟರ್ ಪೊಟ್ಟಣವನ್ನು ಒಡೆದು ಸಣ್ಣದು ಮಾಡುವ ಪದ್ಧತಿಯೇ ಇಲ್ಲ. ಆದುದರಿಂದ 'ದೊಡ್ಡದಾಯಿತು' ಎಂಬ ಸೂಚನೆ ತಲುಪುವುದು ಅಲ್ಲಿ ಇನ್ನೂ ಅಗತ್ಯ. ಹೊಸ ಪದ್ಧತಿ ಬಂದರೂ ಹಳೆಯ ಶಿಸ್ತು ಬೇಕೇ ಬೇಕು.

ಎರಡನೆಯ ಮಾತು ಭದ್ರತೆಯದು. ರೌಟರಿಗೆ ಖಾಸಗಿ ವಿಳಾಸವಿದ್ದರೆ ಹೊರಗಿನ ದುಷ್ಟರು ಅದನ್ನು ನೇರವಾಗಿ ಮುಟ್ಟಲಾರರು ಎನ್ನುತ್ತಾರೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಸಂಸ್ಥೆಯ ಗ್ರಾಹಕರೇ ಒಳಗಿನಿಂದ ಅದನ್ನು ಮುಟ್ಟಬಹುದಾದರೆ ಆ ರಕ್ಷಣೆ ಅರ್ಧದ್ದೇ ಆಯಿತು. ಯಾರಿಗೆ ಪ್ರವೇಶ, ಯಾರಿಗೆ ಇಲ್ಲ ಎಂದು ಸರಿಯಾದ ಕಾವಲು ಹಾಕಿದರೆ ಸಾರ್ವಜನಿಕ ವಿಳಾಸದ ಯಂತ್ರವೂ ಸುರಕ್ಷಿತವಾಗಿಯೇ ಇರುತ್ತದೆ. ಮನೆಗೆ ಬೀಗ ಹಾಕುವುದನ್ನು ಬಿಟ್ಟು ಬಾಗಿಲ ಮೇಲಿನ ಸಂಖ್ಯೆಯನ್ನು ಅಳಿಸಿದರೆ ಕಳ್ಳನಿಗಿಂತ ಹೆಚ್ಚು ತೊಂದರೆಯಾಗುವುದು ಅಂಚೆಯಾಳಿಗೆ.

ಇಷ್ಟೆಲ್ಲ ಹೇಳಿದ ಮೇಲೆ ಪೋಷಕರು 'ಇದು ದೊಡ್ಡ ತಂತ್ರಜ್ಞರ ಮಾತು, ನಮ್ಮ ಮಕ್ಕಳಿಗೆ ಏಕೆ?' ಎಂದು ಕೇಳಬಹುದು. ಇಂದು ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನ, ಕಾಲೇಜಿನ ಪ್ರವೇಶ, ಪಡಿತರ, ಪಹಣಿ ಎಲ್ಲವೂ ಈ ದಾರಿಯಲ್ಲಿಯೇ ಬರುತ್ತಿವೆ, ಹೋಗುತ್ತಿವೆ. ಅರ್ಜಿಗೆ ಕೊನೆಯ ದಿನಾಂಕವಿರುತ್ತದೆ. ದಾರಿ ಕೆಟ್ಟಿತ್ತೆಂದು ಯಾರೂ ದಿನಾಂಕವನ್ನು ಮುಂದೂಡುವುದಿಲ್ಲ. ಗಡಿನಾಡಿನಲ್ಲಿ ಕನ್ನಡದಲ್ಲಿ ಓದುವ ನಮ್ಮ ಮಕ್ಕಳು ಪಾಠದ ಸಾಮಗ್ರಿಗಾಗಿ ದೂರದ ತಾಣಗಳನ್ನು ಹುಡುಕಬೇಕಾಗಿದೆ. ಹೀಗಿರುವಾಗ 'ನಮ್ಮ ಕಡೆ ಸರಿಯಾಗಿದೆ' ಎಂದು ಆ ಕಡೆಯವರು ಹೇಳಿದೊಡನೆ ತಲೆಯಾಡಿಸಿ ಸುಮ್ಮನಾಗುವುದು ಜಾಣತನವಲ್ಲ. ಹಣ ಕೊಡುವವರಿಗೆ ಪ್ರಶ್ನೆ ಕೇಳುವ ಹಕ್ಕೂ ಇದೆ. ಆದರೆ ಪ್ರಶ್ನೆ ಕೇಳಬೇಕಾದರೆ ವಿಷಯ ತಿಳಿದಿರಬೇಕು.

ಆದ್ದರಿಂದ ವಿದ್ಯಾರ್ಥಿಗಳಿಗೆ ನನ್ನ ಸೂಚನೆ ಇಷ್ಟು. ಸಂಪರ್ಕ ಚೆನ್ನಾಗಿರುವ ಒಂದು ದಿನ ದಾರಿಯ ಪಟ್ಟಿಯನ್ನು ತೆಗೆದು ನೋಟುಪುಸ್ತಕದಲ್ಲಿ ಬರೆದಿಡಿ. ಯಾವ ಸಾಲು ಮನೆಯದು, ಯಾವುದು ಸಂಸ್ಥೆಯ ಖಾಸಗಿ ವಿಳಾಸ, ಎಲ್ಲಿಂದ ಸಾರ್ವಜನಿಕ ವಿಳಾಸ ಆರಂಭವಾಗುತ್ತದೆ ಎಂದು ಗುರುತು ಮಾಡಿ. ಕೆಟ್ಟ ದಿನ ಮತ್ತೊಮ್ಮೆ ತೆಗೆದು ಹೋಲಿಸಿ. ನಡುವಿನ ಒಂದು ಠಾಣೆಯಲ್ಲಿ ನಕ್ಷತ್ರಗಳು ಬಂದು ಮುಂದಿನ ಠಾಣೆಗಳು ಉತ್ತರಿಸುತ್ತಿದ್ದರೆ ದಾರಿ ಕೆಟ್ಟಿಲ್ಲ. ಆ ಠಾಣೆ ಮಾತಾಡುವುದಿಲ್ಲ ಅಷ್ಟೇ. ಒಂದು ಠಾಣೆಯಿಂದಾಚೆಗೆ ಯಾರೂ ಉತ್ತರಿಸದಿದ್ದರೆ, ಹಿಂದೆ ಉತ್ತರಿಸುತ್ತಿದ್ದವರೂ ಸುಮ್ಮನಿದ್ದರೆ, ಆಗ ಸಂಶಯಕ್ಕೆ ಕಾರಣವಿದೆ.

ಪೋಷಕರು ದೂರು ಕೊಡುವಾಗ 'ನೆಟ್ ಬರುತ್ತಿಲ್ಲ' ಎಂದಷ್ಟೇ ಹೇಳಿ ಬಿಡಬಾರದು. ದಿನ, ಗಂಟೆ, ಯಾವ ತಾಣ, ಸಣ್ಣದು ಹೋಯಿತೇ ದೊಡ್ಡದು ನಿಂತಿತೇ, ದಾರಿಯ ಪಟ್ಟಿ ಎಲ್ಲಿಯವರೆಗೆ ಬಂತು, ಇವನ್ನೆಲ್ಲ ಬರೆದು ಕೊಡಬೇಕು. ದೂರಿಗೆ ಕ್ರಮಾಂಕವನ್ನು ಕೇಳಿ ಪಡೆಯಬೇಕು. ದೂರಿಗೆ ಕ್ರಮಾಂಕ ಕೊಡಬೇಕು, ಗ್ರಾಹಕನಿಗೆ ತೃಪ್ತಿಯಾಗದಿದ್ದರೆ ಸಂಸ್ಥೆಯಲ್ಲಿಯೇ ಮೇಲ್ಮನವಿಗೆ ಅವಕಾಶವಿರಬೇಕು ಎಂಬ ವ್ಯವಸ್ಥೆಯನ್ನು ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಾವಳಿ ಮಾಡಿತು. ಬರಹದಲ್ಲಿ ಕೊಟ್ಟ ನಾಲ್ಕು ಸಾಲಿಗೆ ಇರುವ ಬೆಲೆ ದೂರವಾಣಿಯಲ್ಲಿ ಕೂಗಾಡಿದ ನಲವತ್ತು ಮಾತಿಗಿಲ್ಲ.

ಸೇವಾಸಂಸ್ಥೆಗಳಿಗೆ ಹೇಳಬೇಕಾದದ್ದು ಇನ್ನೂ ಕಡಿಮೆ. ನಿಮ್ಮ ಅಂಗಳದೊಳಗೆ 10ನ್ನಾದರೂ ಬಳಸಿ, 172.16ನ್ನಾದರೂ ಬಳಸಿ, ನಿಯಮ ಬೇಡವೆನ್ನುವುದಿಲ್ಲ. ಆದರೆ ನಮಗೆ ಉತ್ತರ ಬರೆಯುವ ಯಂತ್ರ ನಮಗೆ ಗೊತ್ತಾಗುವ ವಿಳಾಸದಿಂದ ಬರೆಯಲಿ. ನಿಮ್ಮ ಸೂಚನೆ ನಮ್ಮ ಬಾಗಿಲಲ್ಲಿ ಕಸವಾಗದಿರಲಿ.

ಆ ಹುಡುಗನಿಗೆ ಇದನ್ನೆಲ್ಲ ವಿವರಿಸಿದಾಗ ಅವನು ಸ್ವಲ್ಪ ಹೊತ್ತು ಯೋಚಿಸಿ, 'ಅಂದರೆ ಕಳ್ಳನಿಲ್ಲ, ಆದರೆ ಹಲಗೆ ಹಾಕದ ಠಾಣೆ ಇದೆ' ಎಂದ. ಮನೆಗೆ ಹೋಗಿ ತಂದೆಯವರಿಗೂ ಹಾಗೆಯೇ ಹೇಳಿದನಂತೆ. ತಂತಿ ಮತ್ತೆ ಪೆಟ್ಟಿಗೆಗೆ ಸೇರಿತು. ಸಂಸ್ಥೆಗೆ ಅವರಿಬ್ಬರೂ ಕೂಡಿ ಬರೆದ ಪತ್ರ ಒಂದೂವರೆ ಪುಟವಿತ್ತು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಆದರೆ ಪತ್ರದ ಮೇಲೆ ಅವರ ಪೂರ್ತಿ ವಿಳಾಸವಿದೆ, ಪಿನ್‌ಕೋಡೂ ಇದೆ. ಉತ್ತರ ಬರೆಯುವ ಮನಸ್ಸಿದ್ದವರಿಗೆ ದಾರಿ ತಪ್ಪುವ ಭಯವಿಲ್ಲ.